ತೊರೆಗೆ ಬಿಟ್ಟ ಕೆಂಪು ಹೂವು

ಒಂದು ಕಾಡಿನಲ್ಲಿ ಕರಿಮೋರೆಯ ಕೋತಿ, ಮುಸುವವೊಂದು ಮರದ ತುದಿಯಲ್ಲಿ ಕಾವಲು ಕೂರುತ್ತಿತ್ತು. ಚಿರತೆ ಕಂಡರೆ ಸಾಕು, ಕೆಳಗೆ ಮೇಯುವ ಚುಕ್ಕಿ ಎಂಬ ಜಿಂಕೆಯನ್ನು ಹೆಸರು ಹಿಡಿದು ಕೂಗುತ್ತಿತ್ತು. ಕೂಗು ಕೇಳಿಸಿತೆಂದು ತಿಳಿಸಲು ಚುಕ್ಕಿ ಕಾಲು ಬಡಿದು, ತನ್ನ ಮರಿಯೊಡನೆ ಓಡಿಬಿಡುತ್ತಿತ್ತು.

ಒಂದು ದಿನ ನರಿ ಬಂತು. "ಮುಸುವಣ್ಣಾ, ಒಬ್ಬೊಬ್ಬರನ್ನೇ ಕೂಗಿ ಕೂಗಿ ನಿನ್ನ ಗಂಟಲು ಹರಿದುಹೋಯಿತಲ್ಲೋ! ತೊರೆ ಇಲ್ಲವೇ? ಹಣ್ಣು ಕಂಡರೆ ಹಸಿರೆಲೆ ತೇಲಿಬಿಡು, ಚಿರತೆ ಕಂಡರೆ ಕೆಂಪು ಹೂ. ಕೆಳಗೆ ನೀರು ಕುಡಿಯುವವರೆಲ್ಲ ನೋಡಿಕೊಳ್ಳುತ್ತಾರೆ" ಎಂದಿತು. ಮುಸುವಕ್ಕೆ ಖುಷಿಯೋ ಖುಷಿ. ಸೋಮಾರಿಗೆ ಇಷ್ಟು ಸಾಲದೇ!

ಚುಕ್ಕಿಗೆ ಮಾತ್ರ ಕಸಿವಿಸಿ. ನರಿಗೆ ಇನ್ನೊಬ್ಬರ ಗಂಟಲಿನ ಚಿಂತೆ ಯಾವಾಗಿನಿಂದ? ಅದೇಕೆ ದಿನವಿಡೀ ತೊರೆಯ ತಿರುವಿನಲ್ಲೇ ಕೂರುತ್ತದೆ? ಹಸಿರೆಲೆಗಳೇನೋ ತಪ್ಪದೆ ಬರುತ್ತಿದ್ದವು. ಕೆಂಪು ಹೂ ಒಂದೂ ಇಲ್ಲ. ಚಿರತೆಯೇನು ತೀರ್ಥಯಾತ್ರೆಗೆ ಹೋಯಿತೇ?

ಚುಕ್ಕಿ ಮುಸುವದ ಬಳಿ ಹೋಗಿ, "ಅಣ್ಣಾ, ಹೂ ಬಿಟ್ಟೆಯಾ?" ಎಂದು ಕೇಳಿತು.

"ನಿನ್ನೆಯೇ ಎರಡು ಬಿಟ್ಟೆನಲ್ಲ!"

ಚುಕ್ಕಿ, "ಅಯ್ಯೋ, ನಿನ್ನೆ ನನ್ನ ಮರಿ ತೊರೆಯ ಪಕ್ಕದಲ್ಲೇ ಮಲಗಿತ್ತು! ಏನೋ ಪುಣ್ಯ, ಬದುಕಿತು. ಇನ್ನು ಹೂ ಕಂಡ ತಕ್ಷಣ ನಾನು ಕಾಲು ಬಡಿಯುತ್ತೇನೆ. ಸದ್ದು ಬಾರದಿದ್ದರೆ ಮೊದಲಿನಂತೆ ನನ್ನನ್ನೇ ಕೂಗು" ಎಂದಿತು.

ಮಾರನೆಯ ದಿನ ಚಿರತೆ ಬಂತು. ಮುಸುವ ಹೂ ಬಿಟ್ಟಿತು. ನರಿ ಅದನ್ನು ತಿರುವಿನಲ್ಲೇ ಕಚ್ಚಿ ತೆಗೆದು ಹೊಟ್ಟೆಯಡಿ ಬಚ್ಚಿಟ್ಟಿತು. ಮರಿ ಸಿಕ್ಕರೆ ಮಾಂಸ ಚಿರತೆಗೆ, ಎಲುಬು ತನಗೆ ಎಂದು ಅವೆರಡೂ ಮಾತಾಡಿಕೊಂಡಿದ್ದವು. ಪಾಪಿ!

ಕಾಲಿನ ಸದ್ದು ಬರಲಿಲ್ಲ. "ಚುಕ್ಕೀ, ಓಡೇ!" ಎಂದು ಮುಸುವ ಕಾಡು ನಡುಗುವಂತೆ ಕೂಗಿತು. ತಾಯಿ ಮರಿ ಎರಡೂ ಪಾರಾದವು.

ಹಸಿದ ಚಿರತೆ ನರಿಯತ್ತ ತಿರುಗಿತು. "ಸುದ್ದಿ ಹೋಗುವುದಿಲ್ಲ ಅಂದಿದ್ದೆಯಲ್ಲೋ?"

"ಹೋಗಿಲ್ಲ ಒಡೆಯಾ, ನೋಡಿ ಬೇಕಾದರೆ!" ಎಂದು ನರಿ ಎದ್ದು ನಿಂತಿತು. ಅದರ ಅಡಿಯಲ್ಲಿ ಮೂರು ಕೆಂಪು ಹೂಗಳಿದ್ದವು, ಎರಡು ಬಾಡಿದವು, ಒಂದು ಹೊಸದು. ಆದರೆ ಚಿರತೆ ಹೂ ತಿನ್ನುವ ಜಾತಿಯೇ? ಒಂದೇ ನೆಗೆತಕ್ಕೆ ನರಿಯ ಬಾಲ ಹಿಡಿಯಿತು. ಅರ್ಧ ಬಾಲ ಅಲ್ಲೇ ಬಿಟ್ಟು ಓಡಿದ ನರಿ ಮತ್ತೆ ಆ ಕಾಡಿನ ಕಡೆ ತಲೆ ಹಾಕಲಿಲ್ಲ.

ಹಣ್ಣಿನ ಸುದ್ದಿಗೆ ಅಲ್ಲಿ ಇಂದಿಗೂ ತೊರೆಯಲ್ಲಿ ಎಲೆ ತೇಲುತ್ತದೆ. ಚಿರತೆ ಬಂದರೆ ಮಾತ್ರ ಮುಸುವ ಗಂಟಲು ಹರಿಯುವಂತೆ ಕೂಗುತ್ತದೆ.

ನೀತಿ: ಹತ್ತು ಜನಕ್ಕೆ ಹಂಚುವ ಸುದ್ದಿಯನ್ನು ತೊರೆಗೆ ಬಿಡಬಹುದು, ಜೀವ ಉಳಿಸುವ ಮಾತನ್ನು ನೇರವಾಗಿ ಹೇಳಿ, ತಲುಪಿತೆಂದು ಖಚಿತ ಮಾಡಿಕೊಳ್ಳಬೇಕು.