ಕೂಗದ ಗುಡ್ಡ

೧೯೯೮ನೇ ಇಸವಿಯ ಜನವರಿ ಹತ್ತೊಂಬತ್ತು, ಸೋಮವಾರ. ಬೆಳಗಿನ ಇಬ್ಬನಿ ಆರಿ ಬಿಸಿಲು ಹದವಾಗಿ ಕಾಯುತ್ತಿತ್ತು. ಮೂಡಣ ಗಾಳಿಗೆ ಒಣಹುಲ್ಲು ಒಂದೇ ಕಡೆಗೆ ಬಾಗಿತ್ತು. ಕೆಂಚಲಾಪುರದ ಪಡುವಣಕ್ಕಿರುವ ಗುಡ್ಡದ ನೆತ್ತಿಯಲ್ಲಿ, ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ವಾಚರ್ ಉಮಾಪತಿ ನಿಂತಿದ್ದನು. ಕೆಳಗಿನ ಪೊದೆಗಳಲ್ಲಿ ಮರೆಯಾಗಿದ್ದ ಜೊತೆಗಾರನನ್ನು ಕೂಗಲೆಂದು ಅವನು ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದಾಗ, ಅಲ್ಲೇ ಕುರಿ ಮೇಯಿಸುತ್ತಿದ್ದ ಪಾಲಜ್ಜ ಹಿಂದಿನಿಂದ ಬಂದು ಆ ಕೈಗಳನ್ನು ಮೆಲ್ಲಗೆ ಇಳಿಸಿದನು.

“ಇಲ್ಲಿ ಕೂಗಂಗಿಲ್ಲಪ್ಪ. ಬೇಕಾದ್ರೆ ಇಳಿದು ಹೋಗಿ ಮಾತಾಡ್ಸು.”

“ಅಷ್ಟು ದೂರ ಯಾಕಜ್ಜ ಇಳೀಬೇಕು? ಕರೆದ್ರೆ ಅವನೇ ಬರ್ತಾನೆ.”

“ಬರ್ತಾನೆ ಅಂತಾನೇ ಬ್ಯಾಡ ಅಂದಿದ್ದು,” ಎಂದ ಪಾಲಜ್ಜ.

ಗುಡ್ಡ ದೊಡ್ಡದೇನಲ್ಲ. ನೆತ್ತಿಯಲ್ಲಿ ಆನೆಯ ಬೆನ್ನಿನಂಥ ಒಂದು ಬಂಡೆ, ಬಂಡೆಯ ನಡುವೆ ಒಬ್ಬ ಆಳು ಕೂರುವಷ್ಟು ಅಗಲದ ಸೀಳು. ಸೀಳಿನ ತುಂಬ ಕಲ್ಲುಗಳು: ಮುಷ್ಟಿಗಾತ್ರದವು, ತೆಂಗಿನಕಾಯಿ ಗಾತ್ರದವು, ಯಾರೋ ಮಗುವಿನ ಕೈಯಿಂದ ಹಾಕಿಸಿದ ಹುಣಿಸೆಬೀಜದಷ್ಟು ಚಿಕ್ಕವು. ಗುಡಿಯಿಲ್ಲ, ಗಂಟೆಯಿಲ್ಲ, ಪೂಜಾರಿಯೂ ಇಲ್ಲ. ಕುರುಬರು ಇಲ್ಲಿ ಕುರಿಗಳನ್ನು ಕೂಗಿ ತಿರುಗಿಸುವುದಿಲ್ಲ. ಸುತ್ತಿ ಬಂದು ಎದುರು ನಿಲ್ಲುತ್ತಾರೆ. ಇಲ್ಲಿ ಬಿಚ್ಚಿದ ಬುತ್ತಿಯಲ್ಲಿ ಬಾಡು, ಅಂದರೆ ಮಾಂಸದಡುಗೆ, ಇರುವುದಿಲ್ಲ. ಕೆಳಗಿಳಿದ ಮೇಲೆ ಅವರವರ ಊಟ ಅವರವರದು. ಪಾಲಜ್ಜನ ಮನೆಯಲ್ಲಿಯೂ ಹಬ್ಬಕ್ಕೆ ಬಾಡು ಬೇಯುತ್ತದೆ. ಕೂಗದ ಗುಡ್ಡ ಎಂಬ ಹೆಸರು ಬಂದದ್ದು ಹೇಗೆಂದು ಕೇಳಿದರೆ ಹಿರಿಯರು ಕುಳಿತುಕೊಂಡು ಹೇಳುತ್ತಾರೆ. ನಿಂತು ಹೇಳುವ ಕಥೆಯಲ್ಲ ಅದು.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಗುಡ್ಡದ ಬುಡದ ಬೇಡರ ಹಟ್ಟಿಯಲ್ಲಿ ಸೂರಯ್ಯನೆಂಬ ಕೂಗಾಳು ಇದ್ದನು ಎನ್ನುತ್ತಾರೆ. ಕೂಗಾಳು ಬಿಲ್ಲು ಹಿಡಿಯುವವನಲ್ಲ, ಬಲೆ ಹೂಡುವವನೂ ಅಲ್ಲ. ಬಂಡೆಯ ಸೀಳಿನಲ್ಲಿ ಅಡಗಿ ಕುಳಿತು, ಪ್ರಾಣಿಗಳ ದನಿ ತೆಗೆದು, ಅವನ್ನು ಬಿಲ್ಲಿನವರ ಮುಂದಕ್ಕೆ ಬರಮಾಡುವವನು. ತಾಯಿ ತಪ್ಪಿದ ಜಿಂಕೆಮರಿಯ ಅಳುವನ್ನು ಸೂರಯ್ಯ ತೆಗೆದರೆ ಹಟ್ಟಿಯ ಬಾಣಂತಿಯರೂ ತಿರುಗಿ ನೋಡುತ್ತಿದ್ದರಂತೆ. ಅಜ್ಜನಿಂದ ಬಂದ ಆ ಗಂಟಲಿಗಾಗಿ, ಸೀಮೆಯ ಪಾಳೆಯಗಾರ ನಾಯಕನ ಮನೆತನ ಒಂದು ಹೊಲವನ್ನು ಉಂಬಳಿ ಬಿಟ್ಟಿತ್ತು. ಅವನ ಸಂಸಾರವೂ ಇಬ್ಬರು ತಮ್ಮಂದಿರ ಸಂಸಾರಗಳೂ ಅದರ ಮೇಲೆ ಬದುಕುತ್ತಿದ್ದವು. ಬೇಟೆಯಿಲ್ಲದ ದಿನಗಳಲ್ಲಿ ಸೂರಯ್ಯ ಸಂಜೆ ಅದೇ ಬಂಡೆಯ ಮೇಲೆ ನಿಂತು ತನ್ನ ಹೆಂಡತಿ ಈರಕ್ಕನನ್ನು ಹೆಸರು ಹಿಡಿದು ಕೂಗುತ್ತಿದ್ದ. “ಈರೀ” ಎಂಬ ಆ ಕರೆ ಕಣಿವೆ ದಾಟಿ ಕೇಳಿಸುತ್ತಿತ್ತು. ಅದು ಕೇಳಿದ ಮೇಲೆ ಆಕೆ ಮುದ್ದೆಗೆ ಎಸರಿಡುತ್ತಿದ್ದಳು. ಹೆಂಡತಿಯ ಹೆಸರನ್ನು ಊರಿಗೆಲ್ಲ ಸಾರುವ ಗಂಡಸು ಎಂದು ಹಟ್ಟಿಯವರು ನಗುತ್ತಿದ್ದರು. ಆಕೆಗೆ ಆ ನಗೆ ಬೇಸರ ತರುತ್ತಿರಲಿಲ್ಲ.

ಕೂಗಾಳಿಗೆ ಒಂದು ಕಟ್ಟುಪಾಡಿತ್ತು. ಬಂದ ಪ್ರಾಣಿ ನೆಲಕ್ಕೆ ಬೀಳುವವರೆಗೆ ಅವನು ದನಿ ನಿಲ್ಲಿಸಬಾರದು; ನಿಲ್ಲಿಸಿದರೆ ಅದು ಬೆದರಿ ಓಡುತ್ತದೆ. ಒಂದು ಬೇಸಿಗೆಯ ಬೇಟೆಯಲ್ಲಿ ಸೂರಯ್ಯನ ಕರೆಗೆ ಒಂದು ಹೆಣ್ಣು ಜಿಂಕೆ ಬಂತು. ಬಾಣ ಪಕ್ಕೆಗೆ ನಾಟಿತು. ಜಿಂಕೆ ಓಡಲಿಲ್ಲ. ಸೂರಯ್ಯ ಕಟ್ಟುಪಾಡಿನಂತೆ ಕೂಗುತ್ತಲೇ ಇದ್ದ, ಅದು ಬಾಣದ ಸಮೇತ ದನಿಯ ಕಡೆಗೇ ನಡೆದುಬಂತು. ಕೊನೆಗೆ ಸೀಳಿನ ಬಾಯಿಗೆ ಬಂದು, ಅಲ್ಲಿ ಮರಿಯಿಲ್ಲ, ಮನುಷ್ಯನಿದ್ದಾನೆ ಎಂಬುದನ್ನು ಕಣ್ಣಾರೆ ಕಂಡ ಮೇಲೂ ಎರಡು ಕಿವಿಗಳನ್ನು ಅವನ ಬಾಯಿಗೇ ತಿರುಗಿಸಿಕೊಂಡು ಅವನ ಮೊಣಕಾಲಿನ ಹತ್ತಿರ ಬಿತ್ತು. ಆಗ ಅವನು ಕೂಗು ನಿಲ್ಲಿಸಿದ.

ಪಾಲು ಹಂಚುವಾಗ ನಾಲಿಗೆ ಕೂಗಾಳಿನದು. ಈರಕ್ಕ ಅದನ್ನು ಸುಟ್ಟು ಎಲೆಯ ಮೇಲೆ ಇಟ್ಟಳು. ಸೂರಯ್ಯ ಎಲೆಯನ್ನು ಆಕೆಯ ಕಡೆಗೆ ಸರಿಸಿದ.

“ಮೈಯಲ್ಲಿ ಹುಷಾರಿಲ್ವಾ?”

“ಕರೆದು ಉಣಿಸ್ತಾರೆ ಕಣೇ. ಕರೆದದ್ದನ್ನೇ ಉಣ್ಣೋದು ಎಂಥದು?”

ಈರಕ್ಕ ಎಲೆಯನ್ನು ಮತ್ತೆ ಅವನ ಮುಂದಕ್ಕೆ ತಳ್ಳಿದಳು. “ಹಿತ್ತಲ ಕೋಳಿ?”

“ದಿನಾ ಕಾಳು ಚೆಲ್ಲಿ ಬಾ ಬಾ ಅನ್ನೋಳು ನೀನೇ ಅಲ್ವಾ.”

“ಹೊಳೆ ಮೀನು?”

“ಗಾಳಕ್ಕೆ ಎರೆಹುಳ ಸಿಗಿಸೋದು ಇನ್ನೇನಕ್ಕೆ, ಕರೆಯೋಕೇ.”

“ಸರಿ ಬಿಡು. ಸೊಪ್ಪು ಕರೆದ್ರೆ ಬರಲ್ಲ, ನಾನೇ ಹೋಗಿ ಕಿತ್ಕೊಂಡು ಬರ್ತೀನಿ,” ಎಂದು ಈರಕ್ಕ ಅವನ ಪಾಲನ್ನು ತನ್ನ ಕಡೆಗೆ ಎಳೆದುಕೊಂಡಳು. “ಕರೆದೋನು ನೀನು, ನಾನಲ್ಲ. ನಾನು ತಿಂತೀನಿ.” ಅವಳ ಬಾಯಿ ಅವಳದು ಎಂದು ಅವನು ಬರಿ ಮುದ್ದೆ ಮುರಿದ. ಸಾಯುವವರೆಗೂ ಒಂದೇ ಒಲೆಯ ಮೇಲೆ ಎರಡು ಬಗೆಯ ಅಡುಗೆ ಬೆಂದಿತು ಎನ್ನುತ್ತಾರೆ.

ಸೂರಯ್ಯ ಬಾಡು ಬಿಟ್ಟ, ಬೇಟೆಗೆ ಕೂಗುವುದನ್ನೂ ಬಿಟ್ಟ ಎಂಬ ಸುದ್ದಿ ಹರಡಲು ತಡವಾಗಲಿಲ್ಲ. ಹತ್ತಿರದ ಮಠವೊಂದರ ಪಾರುಪತ್ಯಗಾರ ಹಟ್ಟಿಗೆ ಬಂದು, ನಿನಗೆ ಒಳ್ಳೆಯ ಕುಲದ ಆಚಾರ ಬಂದಿದೆ, ಈ ಮೈಲಿಗೆಯ ನಡುವೆ ಇರಬೇಡ, ಮಠಕ್ಕೆ ಬಾ, ದೀಕ್ಷೆ ಕೊಡಿಸುತ್ತೇವೆ, ಕಾಳು ಕೊಡುತ್ತೇವೆ ಎಂದನು. ಸೂರಯ್ಯ ಅವನನ್ನು ಕೂರಿಸಿ, ನೀರು ಬೆಲ್ಲ ಕೊಟ್ಟು ಹೇಳಿದ: “ಬುದ್ಧೀ, ಮೈಲಿಗೆ ಅಂತ ನಾನು ಬಿಟ್ಟಿಲ್ಲ. ನನ್ನ ತಮ್ಮಂದಿರು ಬಾಡುಣ್ಣೋ ಸಾಲಿನಲ್ಲೇ ನನ್ನ ಎಲೆ ಬೀಳ್ತದೆ. ಆ ಸಾಲಿಂದ ಏಳಿಸೋಕೆ ಬಂದಿದ್ರೆ, ಬೆಲ್ಲ ತಿಂದು ಹೋಗಿ.” ಪಾರುಪತ್ಯಗಾರ ಬೆಲ್ಲ ಮುಟ್ಟದೆ ಎದ್ದು ಹೋದ.

ನಾಯಕನನ್ನು ಹಾಗೆ ಕಳುಹಿಸುವಂತಿರಲಿಲ್ಲ. ಯುಗಾದಿಯ ಮುಂಚಿನ ದೊಡ್ಡ ಬೇಟೆಗೆ ಬೀಗರ ಸೀಮೆಯ ದೊರೆಗಳನ್ನು ಕರೆಸಿದ್ದ ಅವನು, ಕೂಗಾಳು ಸೀಳಿನಲ್ಲಿ ಕೂರಬೇಕು, ಇಲ್ಲವಾದರೆ ಉಂಬಳಿ ಹೊಲ ಹಿಂದಕ್ಕೆ ಎಂದು ಹೇಳಿ ಕಳುಹಿಸಿದ. ತಮ್ಮಂದಿರು ಬಂದು ಬಾಗಿಲಲ್ಲಿ ನಿಂತರು. ಹಿರಿಯ ತಮ್ಮ ಬೇರೇನೂ ಹೇಳಲಿಲ್ಲ. “ಅಣ್ಣಾ, ಗಂಟಲು ನಿಂದು, ಹೊಟ್ಟೆ ನಮ್ದು,” ಎಂದ, ಅಷ್ಟೆ. ಸೂರಯ್ಯ ಆ ಮಾತನ್ನು ತೂಗಿ ನೋಡಿದ. ತಾನು ಹಸಿದು ಇರಬಲ್ಲ. ತಮ್ಮನ ಮಕ್ಕಳನ್ನು ಹಸಿವಿಗೆ ಒಡ್ಡಿ ಜಿಂಕೆಯ ಮಕ್ಕಳನ್ನು ಕಾಯುವುದು ಯಾವ ನ್ಯಾಯ? ಬೇಟೆಯ ದಿನ ಅವನು ಎದ್ದು ಗುಡ್ಡ ಹತ್ತಿದ. ಬಗ್ಗಿದ ಎಂದರು ಕೆಲವರು. ಬುದ್ಧಿ ಬಂತು ಎಂದರು ಉಳಿದವರು.

ಬಲೆ ಹೂಡಿ ಆಗಿತ್ತು. ನಾಯಕ, ಅವನ ನೆಂಟರು, ಬಿಲ್ಲಿನವರು ಎಲ್ಲ ಉಸಿರು ಬಿಗಿಹಿಡಿದು ಕುಳಿತಿದ್ದರು. ಸೂರಯ್ಯ ಸೀಳಿನೊಳಗೆ ಇಳಿದು ಕೂಗಿದ. ಅದು ಮರಿಯ ಅಳುವಾಗಿರಲಿಲ್ಲ. ಹುಲಿಯನ್ನು ಕಂಡ ಗಂಡು ಜಿಂಕೆ ಹಿಂಡನ್ನು ಎಚ್ಚರಿಸುವ ಒರಟು ಕೂಗು ಅದು. ಇಡೀ ಗುಡ್ಡ ಒಮ್ಮೆಗೇ ಕದಲಿತು. ಮೇಯುತ್ತಿದ್ದ ಹಿಂಡು ಬಲೆಗೆ ಬೆನ್ನುಹಾಕಿ, ನೆತ್ತಿ ದಾಟಿ, ಆಚೆ ಬದಿಯ ಕಣಿವೆಗೆ ಧುಮುಕಿ ಮರೆಯಾಯಿತು. ನೆಂಟರ ಎದುರು ನಾಯಕನ ಮುಖ ಕಪ್ಪಿಟ್ಟಿತು. ಬಲೆಗಳನ್ನು ಕಿತ್ತು ಆಚೆ ಕಣಿವೆಗೆ ಒಯ್ಯಿರಿ ಎಂದು ಆಳುಗಳನ್ನು ಓಡಿಸಿ, ಸೂರಯ್ಯನನ್ನು ಬಂಡೆಯ ಮೇಲಕ್ಕೆ ಕರೆಸಿದ.

“ದನಿ ತಪ್ಪಿತಾ, ಇಲ್ಲ ಕೊಬ್ಬಾ?”

“ದನಿ ತಪ್ಪಿಲ್ಲ ದೊರೆ.”

“ಹಾಗಾದರೆ ಹೊಲ ಬಿಡು.”

“ಹೊಲ ಕೊಟ್ಟದ್ದು ಈ ಗಂಟಲಿಗೆ,” ಎಂದ ಸೂರಯ್ಯ. “ಋಣ ಗಂಟಲಿಂದು. ಗಂಟಲನ್ನೇ ತಗೊಳ್ಳಿ, ಹೊಲ ತಮ್ಮಂದಿರಿಗೆ ಇರಲಿ.”

ನೆಂಟರಲ್ಲಿ ಒಬ್ಬ ನಕ್ಕ. ಮಾತಿಗೆ ಹೇಳುತ್ತಾನೆ, ಹೆದರಿ ಕಾಲು ಹಿಡಿಯುತ್ತಾನೆ ಎಂದುಕೊಂಡು ನಾಯಕ ಎಲ್ಲರ ಮುಂದೆ ಒಪ್ಪಿದ. ಕಳ್ಳಿಹಾಲು ಹಿಂಡಿ ಬಟ್ಟಲಿನಲ್ಲಿ ತಂದರು. ಅದು ಒಳಗಿಳಿದರೆ ಗಂಟಲು ಬೆಂದು, ಮತ್ತೆಂದೂ ದನಿ ಹೊರಡದು. ಹಿಡಿದುಕೊಳ್ಳಲು ಬಂದ ಇಬ್ಬರು ಆಳುಗಳನ್ನು ಸೂರಯ್ಯ ಕೈಯಲ್ಲೇ ತಡೆದ. ಬಟ್ಟಲನ್ನು ತಾನೇ ತೆಗೆದುಕೊಂಡು, ನಾಯಕನ ಮುಖ ನೋಡುತ್ತ, ಮಜ್ಜಿಗೆ ಕುಡಿಯುವಂತೆ ಕುಡಿದು, ಬರಿದಾದ ಬಟ್ಟಲನ್ನು ಬೋರಲು ಹಾಕಿ ಇಟ್ಟ. ನಾಯಕನಿಗೆ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ. ಹೊಲ ಉಳಿಯಿತು. ಕೂಗುವ ವಿದ್ಯೆ ಇನ್ನೊಬ್ಬರಿಗೆ ದಾಟದೆ ಆ ದಿನ ಅಲ್ಲಿಗೇ ನಿಂತಿತು ಎನ್ನುತ್ತಾರೆ.

ಸೀಳಿನಲ್ಲಿ ಮೊದಲ ಕಲ್ಲು ಹಾಕಿದವಳು ಈರಕ್ಕ. ಅಲ್ಲಿ ಇನ್ನು ಯಾರೂ ಕೂರಬಾರದು ಎಂದು ಆಕೆ ಬುಡದಿಂದ ಕಲ್ಲು ಹೊತ್ತು ತಂದಳಂತೆ. ಈಗಲೂ ಗುಡ್ಡ ಹತ್ತುವವರು ಕೈಯಲ್ಲಿ ಒಂದು ಕಲ್ಲು ಹಿಡಿದೇ ಹತ್ತುತ್ತಾರೆ. ಸೀಳು ಎಂದೋ ತುಂಬಿ ಹೋಗಿದೆ. ಕಲ್ಲುಗಳು ಬಂಡೆಯ ಮೇಲಕ್ಕೂ ಏರಿ ಚೆಲ್ಲಿವೆ. ಪಕ್ಕದಲ್ಲಿ ಬಟ್ಟಲು ಬೋರಲು ಹಾಕಿದ ಜಾಗವೆಂದು ಒಂದು ದುಂಡನೆಯ ಕಲೆಯನ್ನು ತೋರಿಸುತ್ತಾರೆ. ನಂಬುವವರು ನಂಬುತ್ತಾರೆ.

ಉಮಾಪತಿ ಆ ಕಲೆಯ ಮೇಲೆ ಬೆರಳಾಡಿಸುತ್ತ ಕೇಳಿದ: “ದಂಡ ಅಂತ ಗಂಟಲು ತೆತ್ತ. ಅಷ್ಟೇನಾ ಅಜ್ಜ?”

ಪಾಲಜ್ಜ ದೂರ ಸರಿದಿದ್ದ ಕುರಿಯೊಂದನ್ನು ಸುತ್ತಿ ಹೋಗಿ ತಿರುಗಿಸಿ ಬಂದು ಕುಳಿತ.

“ಬಟ್ಟಲು ಕೈಗೆ ಕೊಡೋಕೆ ಮುಂಚೆ ನಾಯಕನಿಗೂ ಮನಸ್ಸು ಕರಗ್ತಂತೆ. ಕೆಳಗೆ ನಿನ್ನ ಹೆಂಡ್ತಿ ನಿಂತವಳೆ, ಒಂದು ಸಲ ಕೂಗ್ಕೋ ಅಂದ. ಈರಕ್ಕ ತಲೆ ಮೇಲಿನ ಕೊಡ ಇಳಿಸಿ ಮೇಲೆ ನೋಡ್ತಾ ನಿಂತಿದ್ಲು. ಆಚೆ ಕಣಿವೇಲಿ ಬಲೆ ಕಟ್ತಾ ಇದ್ರು, ಇನ್ನೂ ಬಿಗಿದಿರಲಿಲ್ಲ. ಅವನಿಗೆ ಉಳಿದಿದ್ದು ಒಂದೇ ಕೂಗು. ಸೂರಯ್ಯ ಹೆಂಡ್ತಿ ಮುಖ ನೋಡ್ದ, ಆಚೆಗೆ ತಿರುಗಿ ಜಿಂಕೆಗಳಿಗೆ ಎಚ್ಚರದ ಕೂಗು ಹಾಕ್ದ. ಹಿಂಡು ತಪ್ಪಿಸ್ಕೊಂತು. ಆಮೇಲೆ ಈರಕ್ಕ ಬಹಳ ಕಾಲ ಬದುಕಿದ್ಲು ಕಣಪ್ಪ. ಯಾರು ಹೆಸರು ಹಿಡಿದು ಕೂಗಿದ್ರೂ ಓ ಅನ್ನಲಿಲ್ಲ. ದಿನಾ ಸಂಜೆ ಅವನೇ ಗುಡ್ಡ ಇಳಿದು, ಅವಳಿದ್ದಲ್ಲಿಗೆ ನಡ್ಕೊಂಡು ಹೋಗಿ ಎದುರಿಗೆ ನಿಂತ್ಕೋಬೇಕಾಗಿತ್ತು. ಅವಳು ಆಗ ಎದ್ದು ಎಸರಿಡ್ತಿದ್ಲು.”