ಮುಗಿಲ ಕಡೆ ತಿರುಗಿದ ಕೂಗು

“ಬುದ್ಧಿ, ನಮ್ಮ ದೇವರುಗಳೆಲ್ಲ ಬೇರೆ ಗ್ರಹದಿಂದ ಬಂದವರಂತೆ, ನಿಜವೇ?”

ಮಠದಲ್ಲಿ ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವ ಹೊತ್ತು. ದಿನದಂತೆ ಹೆಬ್ಬಾಗಿಲ ಕಡೆಗೆ ಹೊರಟಿದ್ದ ಶಿಷ್ಯ ಮರಿದೇವ ಅರ್ಧ ದಾರಿಯಲ್ಲೇ ತಿರುಗಿ ಗುರುಗಳ ಬಳಿಗೆ ಓಡಿ ಬಂದಿದ್ದ. ಬೆಳಗ್ಗೆ ಪೇಟೆಯಲ್ಲಿ ಕೇಳಿದ ಭಾಷಣವೊಂದು ಅವನ ತಲೆಯಲ್ಲಿ ಇನ್ನೂ ಕುದಿಯುತ್ತಿತ್ತು.

“ಕೋತಿಗಳಾಗಿದ್ದ ನಮ್ಮನ್ನು ಮನುಷ್ಯರನ್ನಾಗಿ ಮಾಡಿದವರೂ ಅವರೇ ಅಂತೆ! ಬೆಂಕಿ, ಬೇಸಾಯ, ಪೂಜೆ, ಎಲ್ಲ ಅವರು ಕಲಿಸಿದ್ದಂತೆ. ಗುಡಿಯ ಗೋಪುರ ನೋಡಿ ಬುದ್ಧಿ, ಥೇಟ್ ರಾಕೆಟ್! ಅವರು ಮತ್ತೆ ಬರುತ್ತಾರಂತೆ!”

ಗುರುಗಳು ಬಿಡಿಸುತ್ತಿದ್ದ ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿದರು. ಅವರ ಕಣ್ಣು ಶಿಷ್ಯನ ಕಣ್ಣಿಗಿಂತ ಹೆಚ್ಚು ಹೊಳೆಯುತ್ತಿತ್ತು.

“ಬಂದಿದ್ದರು ಅಂತಲೇ ಇಟ್ಟುಕೊಳ್ಳೋಣ ಕಣಯ್ಯಾ! ಕೂತುಕೋ. ಅವರು ಬಂದ ಕತೆ ನನಗೆ ಗೊತ್ತು,” ಎಂದು ಶುರು ಮಾಡಿದರು.

ಒಂದು ಊರಿತ್ತು. ಆ ಊರಲ್ಲಿ ಒಬ್ಬ ಹೆಂಗಸಿದ್ದಳು. ಊಟಕ್ಕೆ ಕೂರುವ ಮೊದಲು ಅವಳು ಬಾಗಿಲಿಗೆ ಬಂದು, ದಾರಿಯ ಕಡೆ ನೋಡಿ, “ಹಸಿದವರು ಯಾರಾದರೂ ಇದ್ದೀರಾ? ಬನ್ನಿ ಊಟಕ್ಕೆ!” ಎಂದು ಕೂಗುತ್ತಿದ್ದಳು. ಯಾರೂ ಬರದಿದ್ದರೆ ಒಳಗೆ ಹೋಗಿ ಉಣ್ಣುತ್ತಿದ್ದಳು. ಅವಳ ಅತ್ತೆ ಹಾಗೆ ಮಾಡುತ್ತಿದ್ದಳು, ಅತ್ತೆಯ ಅತ್ತೆಯೂ ಮಾಡುತ್ತಿದ್ದಳು.

ಒಂದು ದಿನ ಏನಾಯಿತು ಗೊತ್ತೇ? ಆಕಾಶದಿಂದ ಒಬ್ಬ ಬಿದ್ದ! ನಗಬೇಡ, ನಿಜವಾಗಿ ಬಿದ್ದ. ಅವನ ವಾಹನ ಕೆಟ್ಟು ಊರಾಚೆಯ ಬಯಲಲ್ಲಿ ದೊಪ್ಪನೆ ಬಂದು ಬಿತ್ತು. ತಿಂದು ಎಷ್ಟು ಕಾಲವಾಗಿತ್ತೋ! ಎತ್ತ ಹೋಗಲಿ ಎಂದು ತೋಚದೆ ನಿಂತಿದ್ದಾಗ ಈ ಕೂಗು ಕೇಳಿಸಿತು. ಕೂಗು ಬಂದ ಕಡೆಗೆ ನಡೆದ.

ಅವಳು ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದಳು. ನಿನ್ನ ಆ ಮಹಾಜ್ಞಾನಿ, ಬೆಂಕಿ ಬೇಸಾಯ ಕಲಿಸಲು ಬಂದವನು, ಮುದ್ದೆಯನ್ನು ಅಗಿಯಲು ಹೊರಟ! ಹಲ್ಲಿಗೆಲ್ಲ ಮೆತ್ತಿಕೊಂಡು ಒದ್ದಾಡಿಬಿಟ್ಟ. “ಅಗಿಯಬಾರದಪ್ಪ, ಸಾರಲ್ಲಿ ಅದ್ದಿ ನುಂಗಬೇಕು,” ಎಂದು ಅವಳೇ ನುಂಗಿ ತೋರಿಸಿದಳು. ಆಮೇಲೆ ನೋಡು, ತಟ್ಟೆ ಖಾಲಿ! ಯಾರು ಯಾರಿಗೆ ಕಲಿಸಿದರು ಅನ್ನುವುದನ್ನು ನಿನ್ನ ಭಾಷಣದವನನ್ನು ಕೇಳು.

ಕೈ ತೊಳೆದ ಮೇಲೆ ಅವನು ಕೇಳಿದ: “ನಾನು ಬರುತ್ತೇನೆಂದು ನಿನಗೆ ಹೇಗೆ ಗೊತ್ತಾಯಿತು?”

“ನನಗೆಲ್ಲಿ ಗೊತ್ತಿತ್ತಪ್ಪ? ದಿನಾ ಕೂಗುತ್ತೇನೆ. ಇವತ್ತು ನೀನಿದ್ದೆ, ಬಂದೆ.”

ಅವನ ಲೋಕದಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಉಣ್ಣುವವರು. ಅವನು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ವಾಹನ ರಿಪೇರಿಯಾದ ಮೇಲೆ ಇಡೀ ಊರು ನೋಡುತ್ತಿರುವಾಗಲೇ ಝಗ್ಗನೆ ಮೇಲೆ ಹೋದ.

ಊರಿಗೆ ಹುಚ್ಚು ಹಿಡಿದಂತಾಯಿತು. “ಇವಳು ಕೂಗಿದಳು, ದೇವರು ಇಳಿದು ಬಂದ! ಅದು ಬರೀ ಕೂಗಲ್ಲ, ಮಂತ್ರ!” ಎಂದು ಎಲ್ಲರೂ ಮುಖ ಮೇಲೆತ್ತಿ ಕೂಗತೊಡಗಿದರು. “ಅಯ್ಯೋ, ನಾನು ಕೂಗಿದ್ದು ದಾರಿಯ ಕಡೆಗೆ ಕಣ್ರಪ್ಪಾ!” ಎಂದು ಆ ಹೆಂಗಸು ಬಡಕೊಂಡಳು. ಅವಳ ಮಾತು ಯಾರಿಗೆ ಬೇಕಿತ್ತು? ದಾರಿಯಿಂದ ದೇವರು ಬರುತ್ತಾನೆಯೇ?

ಅವಳು ತೀರಿಕೊಂಡಳು. ಊರಿನವರು ಎತ್ತರದ ಕಟ್ಟೆ ಕಟ್ಟಿದರು. ಕಹಳೆ ತಂದರು, ನಗಾರಿ ತಂದರು. ದಿನಾ ಮಧ್ಯಾಹ್ನ ಕಟ್ಟೆಯ ಮೇಲೆ ಮುದ್ದೆ ಸಾರಿನ ಎಡೆ ಇಟ್ಟು, ಕತ್ತು ಹಿಂದಕ್ಕೆ ಬಾಗಿಸಿ, “ಹಸಿದವರು ಇದ್ದೀರಾ? ಬನ್ನಿ ಊಟಕ್ಕೆ!” ಎಂದು ಮುಗಿಲಿಗೆ ಕೂಗುವುದು. ಎಷ್ಟೋ ತಲೆಮಾರು ಹೀಗೇ ನಡೆದು ಅವರ ಕತ್ತು ಹಾಗೇ ನಿಂತುಬಿಟ್ಟಿತು. ಹುಟ್ಟಿದ ಕೂಸುಗಳೂ ಮೇಲಕ್ಕೇ ನೋಡುತ್ತಿದ್ದವು. ಮೇಲಿನವರು ನಮ್ಮನ್ನು ತಿದ್ದಿದರು ಅಂದೆಯಲ್ಲ, ತಗೋ, ತಿದ್ದಿದ್ದು ಇಷ್ಟು!

ಈಗ ಮೇಲಿನ ಕತೆ ಕೇಳು. ಆ ಬಿದ್ದವನು ತನ್ನ ಲೋಕಕ್ಕೆ ಹೋಗಿ ಸುಮ್ಮನಿರಲಿಲ್ಲ. ತನ್ನ ಮನೆಯ ಬಾಗಿಲು ತೆಗೆದ. ದಾರಿಯ ಕಡೆ ನೋಡಿ ಕೂಗಿದ. ಮೊದಲು ಜನ ನಕ್ಕರು. ಆಮೇಲೆ ಪಕ್ಕದ ಮನೆಯವನು ಕೂಗಿದ, ಅವನ ಪಕ್ಕದವನು ಕೂಗಿದ. ಕೊನೆಗೆ ಆ ಲೋಕದಲ್ಲಿ ಕೂಗದೆ ಉಣ್ಣುವ ಮನೆಯೇ ಇಲ್ಲವಾಯಿತು. ಕೆಳಗೆ ಭೂಮಿಯಲ್ಲಿ ಒಬ್ಬ ತಾಯಿ ನಮಗಿದನ್ನು ಕಲಿಸಿದಳು ಎಂದು ಅವರು ಮಕ್ಕಳಿಗೆ ಹೇಳುತ್ತಿದ್ದರು. ಮರಿದೇವ, ಅವರ ದೇವರು ಇಲ್ಲಿಯವಳು ಕಣಯ್ಯಾ!

ಎಷ್ಟೋ ತಲೆಮಾರಿನ ಮೇಲೆ ಆ ಬಿದ್ದವನ ವಂಶದಲ್ಲಿ ಒಬ್ಬ ಮುದುಕಿ ಇದ್ದಳು. ಕಣ್ಣು ಮುಚ್ಚುವ ಮೊದಲು ಆ ಕೂಗನ್ನು ಅದು ಹುಟ್ಟಿದ ಊರಲ್ಲೇ ಒಮ್ಮೆ ಕೇಳಬೇಕು, ಆ ತಾಯಿಯ ಊರಿನವರ ಕೈಯಿಂದ ಒಂದು ತುತ್ತು ಉಣ್ಣಬೇಕು ಎನ್ನುವುದೊಂದೇ ಅವಳ ಆಸೆ. ಬರುವಾಗ ಬುತ್ತಿ ಕೂಡ ತರಲಿಲ್ಲ. ಆ ಊರಿಗೆ ಬುತ್ತಿ ಕಟ್ಟಿಕೊಂಡು ಹೋಗುವುದೇ? ಛೇ! ಊರು ಏಳುವ ಮೊದಲೇ ಬಯಲಲ್ಲಿ ಇಳಿದಳು. ಕೋಲೂರಿಕೊಂಡು ದಾರಿ ಹಿಡಿದು ಬಂದಳು. ಊಟದ ಹೊತ್ತಿಗೆ ಸರಿಯಾಗಿ ಊರು ಮುಟ್ಟಿದಳು. ಕೂಗು ಕೇಳಿಸಿತು. ಅವಳಿಗೆ ಅಳುವೇ ಬಂತು. ಸಂತೋಷಕ್ಕೆ.

ದಾರಿಯಲ್ಲೇ ನಿಂತಳು. ಯಾರೂ ಅವಳ ಕಡೆ ನೋಡಲಿಲ್ಲ. ಕತ್ತು ಬಗ್ಗಿದರಲ್ಲವೇ ನೋಡುವುದು! ಬಿಸಿಲಿಗೆ ತಲೆ ಸುತ್ತತೊಡಗಿದಾಗ ಅವಳು ಕಟ್ಟೆಯ ಹತ್ತಿರ ಹೋಗಿ ಒಬ್ಬನ ತೋಳು ಮುಟ್ಟಿದಳು.

“ಕೂಗಿದಿರಲ್ಲಪ್ಪ, ಬಂದಿದ್ದೇನೆ. ಒಂದು ತುತ್ತು ಕೊಡಿ.”

“ಸುಮ್ಮನಿರಜ್ಜಿ! ಅದು ಮೇಲಿನವರ ಎಡೆ. ಅವರು ಬರುವ ಹೊತ್ತು, ಪಕ್ಕಕ್ಕೆ ಸರಿ!” ಎಂದ ಅವನು, ಮುಖ ಕೆಳಗಿಳಿಸದೆ.

ಅವಳು ಸರಿದಳು. ಬಂದ ದಾರಿಯಲ್ಲೇ ಹಿಂದಿರುಗಿದಳು. ವಾಹನ ಬಯಲಿನಿಂದ ಮೇಲೆದ್ದಾಗ ಊರಿಗೆ ಊರೇ ಕುಣಿಯಿತು. “ಬಂದರು! ಬಂದರು! ನೋಡ್ರೋ ಬೆಳಕು!” ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮಾರನೆಯ ದಿನ ಕಟ್ಟೆಯನ್ನು ಇನ್ನೂ ಎತ್ತರ ಮಾಡುವ ಕೆಲಸ ಶುರುವಾಯಿತು.

ಗುರುಗಳು ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು. ಮರಿದೇವನಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಅಷ್ಟೇನಾ ಬುದ್ಧಿ? ಆ ಅಜ್ಜಿ ಮತ್ತೆ ಬರಲಿಲ್ಲವೇ? ಬಂದರೆ ಅವಳೇ ಎಂದು ನಮಗೆ ಗೊತ್ತಾಗುವುದು ಹೇಗೆ?”

ಒಳಗಿನಿಂದ ಊಟದ ಗಂಟೆ ಕೇಳಿಸಿತು. ಗುರುಗಳು ಹೆಬ್ಬಾಗಿಲ ಕಡೆ ನೋಡಿದರು.

“ಅದಿರಲಿ ಮರಿದೇವ, ಇವತ್ತು ನೀನು ಬಾಗಿಲಿಗೆ ಹೋಗಿ ಕೂಗಿ ಬಂದೆಯಾ?”