ಹಿಮ್ಮೇಳದವನ ತಪ್ಪು

"ಗುರುಗಳೇ, ಪಟ್ಟಣದ ರಾಕ್ ತಂಡದವರು ನನ್ನನ್ನು ಕರೆದಿದ್ದಾರೆ. ನಮ್ಮ ತತ್ವಪದಗಳನ್ನು ಅವರ ಗಿಟಾರಿನ ಜೊತೆ ಹಾಡಬೇಕಂತೆ. ಹೋದರೆ ಪದ ಕೆಡುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಏಕತಾರಿಯನ್ನು ಪಕ್ಕಕ್ಕಿಟ್ಟರು. ಕತೆ ಹೇಳಲು ಒಂದು ನೆಪ ಸಿಕ್ಕರೆ ಸಾಕು, ಅವರ ಮುಖ ಅರಳುತ್ತಿತ್ತು. ಆ ದಿನ ಯಾಕೋ ಅಷ್ಟು ಅರಳಲಿಲ್ಲ. ಅವರು ಹೇಳಿದರು:

ಒಬ್ಬ ಪದಕಾರನಿದ್ದ. ಅವನ ಹಿಂದೆ ತಾಳ ಹಿಡಿದು ಕೂರುವ ಒಬ್ಬ ಹಿಮ್ಮೇಳದವನಿದ್ದ. ಭಜನೆಯ ಕ್ರಮ ನಿನಗೆ ಗೊತ್ತೇ ಇದೆ. ಮುಂದಿನವನು ಒಂದು ಸಾಲು ಹೇಳಿ ಬಿಡುತ್ತಾನೆ, ಹಿಂದಿನವನು ಅದನ್ನೇ ಎತ್ತಿಕೊಂಡು ತಿರುಗಿ ಹೇಳುತ್ತಾನೆ. ಹೀಗೆ ಹಾಡುತ್ತ ಹಾಡುತ್ತಲೇ ಇಬ್ಬರಿಗೂ ವಯಸ್ಸಾಯಿತು. ಇಬ್ಬರದೂ ಒಂದೇ ಗುರು. ಆ ಗುರು ಕಣ್ಣು ಮುಚ್ಚುವ ಮೊದಲು ತಾವೇ ಕಟ್ಟಿದ ಒಂದು ಪದವನ್ನು ಇಬ್ಬರಿಗೂ ಕಲಿಸಿ, "ಬೇರೆ ಏನು ಹೋದರೂ ಹೋಗಲಿ, ಇದೊಂದು ಕೆಡದ ಹಾಗೆ ನೋಡಿಕೊಳ್ಳಿ" ಅಂದಿದ್ದರು.

ಪದಕಾರನಿಗೆ ಗೆಳೆಯನ ಮೇಲೆ ಪ್ರೀತಿ ಇತ್ತು. ಒಂದೇ ಒಂದು ಅಸಮಾಧಾನ. ತಾನು ಹೇಳಿದ ಮಾತನ್ನು ಇವನು ಅಲ್ಲಲ್ಲಿ ಬದಲಾಯಿಸಿ ಹೇಳುತ್ತಾನೆ. ಪಾಪ, ನೆನಪು ಸಾಲದು ಎಂದುಕೊಂಡು ಇಷ್ಟು ವರ್ಷ ಸಹಿಸಿಕೊಂಡಿದ್ದ.

ಒಮ್ಮೆ ಪಟ್ಟಣದ ಹುಡುಗರು ಬಂದರು. ಸೈಕೆಡೆಲಿಕ್ ರಾಕ್ ಎಂಬ ಮತ್ತೇರಿಸುವ ಸಂಗೀತ ನುಡಿಸುವವರು. ಅವರ ಗಿಟಾರಿನ ಸದ್ದು ಎಂಥದು ಅಂತೀಯ, ಮೇಣ ಕರಗಿದ ಹಾಗೆ ಇಳಿಯುತ್ತಿತ್ತು, ಹೊಗೆಯ ಹಾಗೆ ಏಳುತ್ತಿತ್ತು. ಕೇಳಿ ಪದಕಾರನ ಕಣ್ಣಲ್ಲಿ ನೀರು ಬಂತು. ಸುಳ್ಳು ನೀರಲ್ಲ. ತನ್ನ ಪದಗಳಿಗೆ ಇಷ್ಟು ದೊಡ್ಡ ಆಕಾಶ ಇದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವರ ಹತ್ತಿರ ಒಂದು ಯಂತ್ರವೂ ಇತ್ತು. ಮೈಕಿನಲ್ಲಿ ಒಂದು ಸಾಲು ಹಾಡಿದರೆ ಅದು ಬಾವಿಯೊಳಗಿಂದ ಬಂದಂತೆ ಮತ್ತೆ ಮತ್ತೆ ತಿರುಗಿ ಬರುತ್ತಿತ್ತು.

ಪದಕಾರ ಹಿಗ್ಗಿದ. "ನೋಡೋ ತಮ್ಮಾ, ನಾ ಹೇಳಿದ್ದನ್ನ ಹೇಳಿದಾಂಗ ತಿರುಗಿ ಕೊಡತೈತಿ. ನಿನ್ನಂಗ ನಡುವ ಕೈ ಆಡಸಂಗಿಲ್ಲ" ಅಂದ.

ಹಿಮ್ಮೇಳದವನು ನಕ್ಕುಬಿಟ್ಟ. "ಛಲೋ ಆತು ಬಿಡಣ್ಣ. ಇದಕ್ಕ ಚಹಾನೂ ಬೇಡ, ಎಲಿ ಅಡಿಕೀನೂ ಬೇಡ" ಅಂದು ತಾಳ ಎತ್ತಿಕೊಂಡು ಮನೆಗೆ ಹೋದ.

ಗುರುವಿನ ಆ ಪದವನ್ನೇ ರೆಕಾರ್ಡ್ ಮಾಡಿದರು. ಅದು ಊರೂರಿಗೆ ಹಬ್ಬಿತು. ಬಸ್ಸಿನಲ್ಲಿ ಅದೇ, ಕಾಲೇಜಿನಲ್ಲಿ ಅದೇ. ಪದಕಾರ ಮೊಬೈಲ್ ಹಿಡಿದು ಗೆಳೆಯನ ಮನೆಗೆ ಹೋಗಿ ಹಾಡು ಹಾಕಿದ.

'ಬಾಗಿಲು ಮುಚ್ಚಿದೆ, ತಟ್ಟುವೆ ಏತಕೆ' ಎಂದು ಅವನ ದನಿ ಹಾಡಿತು. 'ಮುಚ್ಚಿದೆ, ಮುಚ್ಚಿದೆ' ಎಂದು ಯಂತ್ರ ತಿರುಗಿಸಿತು. ಗೆಳೆಯ ಕಣ್ಣು ಮುಚ್ಚಿ ಕೇಳುತ್ತಿದ್ದ. ಅವನಿಗೆ ತಿಳಿಯದೆಯೇ ತುಟಿ ಅಲುಗಿ, 'ತೆರೆದಿದೆ' ಎಂದಿತು.

"ಈಗೂ ತಪ್ಪ ಹೇಳತೀಯಲ್ಲೋ ಮಾರಾಯಾ!"

"ಅಣ್ಣಾ, ಬಾಗಲಾ ಮುಚ್ಚಿತ್ತಂದ್ರ ತಟ್ಟಾಕಽ ಬೇಕಲ್ಲ? ತೆರದ ಬಾಗಲಾ ಯಾಕ ತಟ್ಟತೀ ಅಂತಲ್ಲೇನು ಗುರುಗೋಳು ಕಲಿಸಿದ್ದು?"

ಪದಕಾರ ಹಾಡು ನಿಲ್ಲಿಸಿದ.

"ಯಾವಾಗಿಂದ ನಾ ಹಿಂಗ ಹಾಡಾಕತ್ತೇನಿ?"

"ನಿನ್ನ ಹಲ್ಲೆಲ್ಲಾ ಗಟ್ಟಿ ಇದ್ದಾಗಿಂದ."

"ಮತ್ತ ಒಂದು ದಿನಾನೂ ಹೇಳಲಿಲ್ಲ ನೀ?"

"ದಿನಾ ಹೇಳತಿದ್ನಲ್ಲಣ್ಣಾ."

ಪದಕಾರ ಅವನ ಕೈ ಹಿಡಿದುಕೊಂಡೇ ಪಟ್ಟಣಕ್ಕೆ ಹೋದ. ಆ ಹುಡುಗರು ಒಳ್ಳೆಯವರು, ಪದ ತಿದ್ದಿ ಹಾಡಬೇಕು ಎಂದಾಗ ಮರುಮಾತಾಡಲಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಇಬ್ಬರನ್ನೂ ವೇದಿಕೆಗೆ ಹತ್ತಿಸಿದರು, ಯಂತ್ರವನ್ನು ಬಂದ್ ಮಾಡಿಟ್ಟರು. ಮೈದಾನದ ತುಂಬ ಜನ. ಪದಕಾರ ಬಹಳ ಎಚ್ಚರದಿಂದ, ಒಂದೊಂದೇ ಅಕ್ಷರ ಬಿಡಿಸಿ, 'ಬಾಗಿಲು ತೆರೆದಿದೆ' ಎಂದು ಹಾಡಿದ. ಹಿಮ್ಮೇಳದವನು ಬಾಯಿ ತೆರೆಯುವಷ್ಟರಲ್ಲಿ ಇಡೀ ಮೈದಾನ ಒಂದೇ ದನಿಯಲ್ಲಿ 'ಮುಚ್ಚಿದೆ' ಎಂದಿತು. ಪದಕಾರ ಮತ್ತೆ ಹಾಡಿದ. ಅವರೂ ಮತ್ತೆ ಹಾಡಿದರು, ಇನ್ನೂ ಪ್ರೀತಿಯಿಂದ, ಕೈ ಮೇಲೆತ್ತಿ. ಪಾಪ ಮುದುಕ ಮರೆತಿದ್ದಾನೆ, ನಾವು ನೆನಪು ಮಾಡಿಕೊಡೋಣ ಎಂಬುದು ಅವರ ಭಾವ. ಹಿಮ್ಮೇಳದವನು ಕುತ್ತಿಗೆಯ ನರ ಉಬ್ಬಿಸಿ 'ತೆರೆದಿದೆ' ಎನ್ನುತ್ತಲೇ ಇದ್ದ. ಪಕ್ಕದಲ್ಲೇ ನಿಂತ ಪದಕಾರನಿಗೂ ಅದು ಕೇಳಿಸಲಿಲ್ಲ. ಈಗಲೂ ಜನ ಆ ಪದವನ್ನು ಹಾಡುವುದು ಹಾಗೆಯೇ.

ಗುರುಗಳು ಇಲ್ಲಿಗೆ ಮಾತು ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಗಿಟಾರಿನ ಜೊತೆ ಹಾಡುವುದು ಬೇಡ ಅನ್ನುತ್ತೀರಾ?" ಎಂದು ಕೇಳಿದ.

"ಗಿಟಾರು ಚೆನ್ನಾಗಿಯೇ ನುಡಿಯಿತಪ್ಪಾ, ತಪ್ಪು ಅದರದಲ್ಲ. ಇಷ್ಟು ದಿನ ನಿನ್ನ ತಪ್ಪನ್ನು ತಿದ್ದುತ್ತಿರುವವರು ಯಾರು, ಅದು ನಿನಗೆ ಗೊತ್ತಿದೆಯೇ?"